ಕೊಡಲಿಗೆ ಮೊದಲು ಅಪ್ಪಣೆ: ಹ್ಯೂ ಕ್ಲೆಗ್‌ಹಾರ್ನ್ ಅವರ ಬದುಕು

ಕಾಸರಗೋಡಿನ ಗುಡ್ಡದ ಬದಿಯ ಬೀಟೆ ಮರ, ತಾಳವಾಡಿಯ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಶ್ರೀಗಂಧ, ನೀಲಗಿರಿಯ ಹಳ್ಳದಂಚಿನ ಒಂದು ಹೆಮ್ಮರ. ಇವುಗಳಲ್ಲಿ ಯಾವುದನ್ನಾದರೂ ಕಡಿಯಬೇಕೆಂದರೆ ಕೊಡಲಿ ಎತ್ತುವ ಮುನ್ನ ನಿಯಮ ಏನು ಹೇಳುತ್ತದೆಂದು ವಿಚಾರಿಸಲೇಬೇಕು. ಮರ ನಮ್ಮ ನೆಲದಲ್ಲಿಯೇ ನಿಂತಿರಬಹುದು, ಅಜ್ಜನ ಕಾಲದಿಂದ ಬೆಳೆದು ಬಂದಿರಬಹುದು. ಆದರೂ ಸರ್ಕಾರದ ಅಪ್ಪಣೆಯಿಲ್ಲದೆ ಉರುಳಿಸಿದರೆ ದಂಡ ತೆರಬೇಕಾಗಬಹುದು. ಕೆಲವೊಮ್ಮೆ ಸೆರೆವಾಸವೂ ಒದಗಬಹುದು. ಗಡಿನಾಡಿನ ಕನ್ನಡ ಮನೆಗಳಲ್ಲಿ ಮಗಳ ಮದುವೆಗೆ, ಮನೆಯ ಮಾಡಿಗೆ, ಸಾಲದ ತೀರುವಳಿಗೆ ಮರವನ್ನು ನೆಚ್ಚಿಕೊಂಡವರೆಲ್ಲರೂ ಈ ಕಟ್ಟಳೆಯನ್ನು ಒಮ್ಮೆಯಾದರೂ ಎದುರಿಸಿದ್ದಾರೆ.

ದಕ್ಷಿಣ ಭಾರತದಲ್ಲಿ ಈ ಕಟ್ಟಳೆಗೆ ಒಂದು ಇಲಾಖೆಯ ರೂಪವನ್ನು ಕೊಟ್ಟವರು ವೈದ್ಯರೂ ಸಸ್ಯಶಾಸ್ತ್ರಜ್ಞರೂ ಆಗಿದ್ದ ಹ್ಯೂ ಫ್ರಾನ್ಸಿಸ್ ಕ್ಲಾರ್ಕ್ ಕ್ಲೆಗ್‌ಹಾರ್ನ್. ಅವರು ಹುಟ್ಟಿ ಇನ್ನೂರು ವರ್ಷಗಳು ಕಳೆದಿವೆ. ಅವರ ಬದುಕನ್ನು ಅರಿಯುವುದೆಂದರೆ, ಮರಗಳನ್ನು ಕಾಯುವ ಕಾನೂನು ಏಕೆ ಬೇಕಾಯಿತು, ಅದರ ಭಾರ ಯಾರ ಹೆಗಲ ಮೇಲೆ ಬಿದ್ದಿತು ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಅರಿಯುವುದೇ ಆಗಿದೆ.

ಮದ್ರಾಸಿನ ಶಿಶು, ಸ್ಕಾಟ್ಲೆಂಡಿನ ವಿದ್ಯಾರ್ಥಿ

ಕ್ಲೆಗ್‌ಹಾರ್ನ್ ಅವರು 1820ರ ಆಗಸ್ಟ್ 9ರಂದು ಮದ್ರಾಸಿನಲ್ಲಿ ಜನಿಸಿದರು. ತಂದೆ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಅಧಿಕಾರಿಯಾಗಿದ್ದರು. ಹೀಗೆ ಮರಗಳಿಗೆ ಕಟ್ಟಳೆಯನ್ನು ಬರೆಯಲಿದ್ದ ವ್ಯಕ್ತಿ ನ್ಯಾಯಾಲಯದ ಅಧಿಕಾರಿಯ ಮನೆಯಲ್ಲಿಯೇ ಕಣ್ಣು ತೆರೆದರು. ಆ ಕಾಲದ ಆಂಗ್ಲ ಕುಟುಂಬಗಳ ರೂಢಿಯಂತೆ ಬಾಲಕನನ್ನು ಎಳೆಯ ವಯಸ್ಸಿನಲ್ಲಿಯೇ ಸ್ಕಾಟ್ಲೆಂಡಿಗೆ ಕಳುಹಿಸಲಾಯಿತು. ಫೈಫ್ ಪ್ರಾಂತದ ಸ್ಟ್ರಾವಿಥಿ ಎಂಬಲ್ಲಿ ಅಜ್ಜನ ಹೊಲಗದ್ದೆಗಳೂ ತೋಪುಗಳೂ ಇದ್ದವು. ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಆ ಅಜ್ಜನ ಆಸರೆಯಲ್ಲಿ ಬಾಲಕನು ಬೆಳೆದನು. ಗಿಡಮರಗಳ ನಂಟು ಅಲ್ಲಿಯೇ ಬೆಳೆಯಿತು.

ಮುಂದೆ ಅವರು ಎಡಿನ್‌ಬರೋದಲ್ಲಿ ವೈದ್ಯವಿದ್ಯೆಯನ್ನು ಕಲಿತು 1841ರಲ್ಲಿ ಪದವಿ ಪಡೆದರು. ಔಷಧಗಳ ಬಹುಪಾಲು ಗಿಡಮೂಲಿಕೆಗಳಿಂದಲೇ ಬರುತ್ತಿದ್ದ ಕಾಲವದು. ಆದ್ದರಿಂದ ವೈದ್ಯನಾಗುವವನು ಸಸ್ಯಶಾಸ್ತ್ರವನ್ನೂ ಓದಲೇಬೇಕಾಗಿತ್ತು. 1842ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಶಸ್ತ್ರವೈದ್ಯರಾಗಿ ಅವರು ಹುಟ್ಟೂರಾದ ಮದ್ರಾಸಿಗೆ ಮರಳಿದರು.

ಶಿವಮೊಗ್ಗೆಯಲ್ಲಿ ದಿನಕ್ಕೊಂದು ಗಿಡ

ಕೆಲವೇ ವರ್ಷಗಳಲ್ಲಿ ಅವರನ್ನು ಮೈಸೂರು ಸೀಮೆಗೆ ನಿಯೋಜಿಸಲಾಯಿತು. ಆಗ ಮೈಸೂರು ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಅವರ ಆಡಳಿತದಲ್ಲಿತ್ತು. 1845ರಿಂದ 1847ರವರೆಗಿನ ಅವಧಿಯಲ್ಲಿ ಕ್ಲೆಗ್‌ಹಾರ್ನ್ ಅವರು ಶಿವಮೊಗ್ಗೆಯಲ್ಲಿದ್ದರು. ಸೈನಿಕರ ಜ್ವರ ಮತ್ತು ಗಾಯಗಳಿಗೆ ಚಿಕಿತ್ಸೆ ನೀಡುವುದು ಅವರ ಕರ್ತವ್ಯ. ಆದರೆ ಮಲೆನಾಡಿನ ಹಸಿರು ಅವರನ್ನು ಸುಮ್ಮನಿರಗೊಡಲಿಲ್ಲ.

ಇಂಗ್ಲೆಂಡಿನ ಪ್ರಸಿದ್ಧ ಸಸ್ಯಶಾಸ್ತ್ರಜ್ಞ ವಿಲಿಯಂ ಹೂಕರ್ ಅವರು ತರುಣ ವೈದ್ಯರಿಗೆ ಒಂದು ಸಲಹೆಯನ್ನು ನೀಡಿದ್ದರು: ಪ್ರತಿದಿನ ಕಾಲು ಗಂಟೆ ಒಂದೇ ಒಂದು ಗಿಡವನ್ನು ಗಮನವಿಟ್ಟು ನೋಡುವುದು. ಕ್ಲೆಗ್‌ಹಾರ್ನ್ ಅವರು ಅದನ್ನು ಶಿವಮೊಗ್ಗೆಯಲ್ಲಿ ವ್ರತದಂತೆ ಪಾಲಿಸಿದರು. ಮರಾಠಿ ಚಿತ್ರಕಾರನೊಬ್ಬನನ್ನು ನೇಮಿಸಿಕೊಂಡು, ಕಂಡ ಗಿಡಗಳನ್ನು ಒಂದೊಂದಾಗಿ ಬಣ್ಣದಲ್ಲಿ ಬರೆಯಿಸಿದರು. ಆ ಚಿತ್ರಗಳು ಇಂದಿಗೂ ಎಡಿನ್‌ಬರೋದ ರಾಜೋದ್ಯಾನದ ಸಂಗ್ರಹದಲ್ಲಿವೆ. ಕನ್ನಡ ನಾಡಿನ ಗಿಡಬಳ್ಳಿಗಳು ಸಾವಿರಾರು ಮೈಲಿಗಳಾಚೆ ಕಾಗದದ ಮೇಲೆ ಇನ್ನೂ ಹಸಿರಾಗಿ ಉಳಿದಿರುವುದು ಆ ನಿತ್ಯದ ಕಾಲು ಗಂಟೆಯ ಫಲ.

ದಿನವೂ ಗಿಡವನ್ನು ನೋಡುವ ಕಣ್ಣಿಗೆ ಕಾಡು ಕರಗುವುದೂ ಕಾಣದಿರದು. ಗುಡ್ಡಗಳಲ್ಲಿ ಕಾಡನ್ನು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯ ನಡೆಯುತ್ತಿತ್ತು. ಬೆಲೆಬಾಳುವ ದಿಮ್ಮಿಗಳು ಕಾಡಿನಿಂದ ಹೊರಬೀಳುತ್ತಿದ್ದವು. ಕಡಿದವನು ಯಾರು, ಕಡಿದದ್ದೆಷ್ಟು, ಆ ಜಾಗದಲ್ಲಿ ಮತ್ತೆ ಬೆಳೆದದ್ದೇನು ಎಂಬ ಲೆಕ್ಕವನ್ನು ಇಡುವವರಿರಲಿಲ್ಲ. ಈ ಚಿಂತೆ ಅವರ ಮನಸ್ಸಿನಲ್ಲಿ ಬೇರೂರುತ್ತಿದ್ದ ಹೊತ್ತಿಗೆ ಕಾಡಿನ ಜ್ವರ ಅವರನ್ನು ಹಿಡಿಯಿತು. 1848ರಲ್ಲಿ ರಜೆ ಪಡೆದು ಅವರು ಸ್ವದೇಶಕ್ಕೆ ತೆರಳಿದರು.

ಒಂದು ವರದಿ

ವಿಶ್ರಾಂತಿಗೆಂದು ಹೋದ ಆ ಅವಧಿಯೇ ಅವರ ಬಾಳಿನ ತಿರುವಾಯಿತು. 1850ರಲ್ಲಿ ಎಡಿನ್‌ಬರೋದಲ್ಲಿ ಸೇರಿದ ಬ್ರಿಟಿಷ್ ವಿಜ್ಞಾನ ಸಂಘದ ಸಭೆಯು, ಉಷ್ಣವಲಯದ ಕಾಡುಗಳ ನಾಶದಿಂದ ಆಗಬಹುದಾದ ಪರಿಣಾಮಗಳನ್ನು ಪರಿಶೀಲಿಸಲು ಒಂದು ಸಮಿತಿಯನ್ನು ರಚಿಸಿತು. ಕ್ಲೆಗ್‌ಹಾರ್ನ್ ಅವರು ಅದರ ಮುಂದಾಳು. ಮರುವರ್ಷ, ಅಂದರೆ 1851ರಲ್ಲಿ, ಇಪ್ಸ್‌ವಿಚ್ ನಗರದ ಸಭೆಯಲ್ಲಿ ಸಮಿತಿಯ ವರದಿ ಮಂಡನೆಯಾಯಿತು.

ಕಾಡು ಹೋದರೆ ಮರಮುಟ್ಟು ಮಾತ್ರ ಹೋಗುವುದಿಲ್ಲ. ಬೆಟ್ಟದ ಒರತೆಗಳು ಬತ್ತಬಹುದು, ಮಣ್ಣು ಕೊಚ್ಚಿಹೋಗಬಹುದು, ಕೆಳಗಿನ ಬಯಲಿನ ಬೇಸಾಯಕ್ಕೇ ಕುತ್ತು ಬರಬಹುದು ಎಂಬ ಎಚ್ಚರಿಕೆ ಆ ವರದಿಯ ತಿರುಳು. ಇಂದು ಶಾಲೆಯ ಮಕ್ಕಳೂ ಬಲ್ಲ ಈ ಮಾತು ಆ ಕಾಲದ ಆಡಳಿತಗಾರರಿಗೆ ಹೊಸದಾಗಿತ್ತು. ಕಾಡೆಂದರೆ ಕಡಿದು ಕಂದಾಯ ತರುವ ಭೂಮಿಯನ್ನಾಗಿಸಬೇಕಾದ ಪೊದೆ ಎಂಬ ಭಾವನೆಯೇ ಅವರಲ್ಲಿ ಬಲವಾಗಿತ್ತು. ಕಂಪನಿಯ ಲೆಕ್ಕದ ಪುಸ್ತಕದಲ್ಲಿ ನೀರಿನ ಒರತೆಗೂ ಒಂದು ಬೆಲೆಯಿದೆಯೆಂದು ತೋರಿಸಿಕೊಟ್ಟದ್ದು ಈ ವರದಿಯ ಹಿರಿಮೆ.

1852ರ ಸುಮಾರಿಗೆ ಮದ್ರಾಸಿಗೆ ಹಿಂದಿರುಗಿದ ಅವರು ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸಿದರು. ಅಲ್ಲಿನ ಕೃಷಿ ಮತ್ತು ತೋಟಗಾರಿಕೆಯ ಸಂಘದ ಕಾರ್ಯದರ್ಶಿಯಾಗಿ ಅದರ ಉದ್ಯಾನದ ಗಿಡಗಳ ಪಟ್ಟಿಯನ್ನು 1853ರಲ್ಲಿ ಪ್ರಕಟಿಸಿದರು.

ಅವರಿಗಿಂತ ಮೊದಲಿನ ಕಟ್ಟಳೆಗಳು

ಮರಗಳಿಗೆ ರಕ್ಷಣೆ ನೀಡುವ ಆಜ್ಞೆಗಳು ಕ್ಲೆಗ್‌ಹಾರ್ನ್ ಅವರಿಂದಲೇ ಮೊದಲಾದವೆಂದು ತಿಳಿಯಬಾರದು. ಟಿಪ್ಪು ಸುಲ್ತಾನನು 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ್ದನು. ಮರ ಯಾರ ಹೊಲದಲ್ಲಿಯೇ ಬೆಳೆದರೂ ಅದು ಸರ್ಕಾರದ ಸೊತ್ತು ಎಂಬ ಆ ನಿಯಮ ಮುಂದಿನ ಆಡಳಿತಗಳಲ್ಲಿಯೂ ಎರಡು ಶತಮಾನ ಕಾಲ ಮುಂದುವರಿಯಿತು. ದೇವರಕಾಡು, ನಾಗಬನಗಳಲ್ಲಿ ಭಯಭಕ್ತಿಯೇ ಕಾವಲಾಗಿತ್ತು.

ಕಂಪನಿಯ ಪ್ರಯತ್ನವೂ ಒಮ್ಮೆ ನಡೆದು ಸೋತಿತ್ತು. ನೌಕಾಪಡೆಗೆ ತೇಗದ ಮರ ಬೇಕಾದಾಗ 1806ರಲ್ಲಿ ಮಲಬಾರ್ ಮತ್ತು ಕೆನರಾ ಪ್ರಾಂತಗಳಿಗೆ ಕ್ಯಾಪ್ಟನ್ ವಾಟ್ಸನ್ ಎಂಬವರನ್ನು ಅರಣ್ಯ ಸಂರಕ್ಷಣಾಧಿಕಾರಿಯನ್ನಾಗಿ ನೇಮಿಸಲಾಯಿತು. ತೇಗದ ಮೇಲೆ ಸರ್ಕಾರದ ಒಡೆತನವನ್ನು ಸಾರಿ, ಅಪ್ಪಣೆಯಿಲ್ಲದೆ ಕಡಿಯುವುದನ್ನು ನಿಷೇಧಿಸಲಾಯಿತು. ಖಾಸಗಿ ಕಾಡುಗಳ ಒಡೆಯರೂ ಮರದ ವ್ಯಾಪಾರಿಗಳೂ ರೈತರೂ ಇದರಿಂದ ಕಂಗೆಟ್ಟರು. ಉಳುವ ನೇಗಿಲಿಗೂ ಅಡುಗೆಯ ಸೌದೆಗೂ ಅಧಿಕಾರಿಯ ಮುಖ ನೋಡಬೇಕಾಯಿತೆಂಬ ದೂರುಗಳು ಹೆಚ್ಚಿದಾಗ, 1820ರ ದಶಕದ ಆರಂಭದಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಅವರು ಆ ಹುದ್ದೆಯನ್ನೇ ರದ್ದುಗೊಳಿಸಿದರು. ಜನರ ಒಪ್ಪಿಗೆಯಿಲ್ಲದ ಕಟ್ಟಳೆ ಬಹುಕಾಲ ನಿಲ್ಲಲಾರದು ಎಂಬ ಪಾಠ ಅಲ್ಲಿತ್ತು. ಕಟ್ಟಳೆಯೇ ಇಲ್ಲದಿದ್ದರೆ ಕಾಡು ನಿಲ್ಲಲಾರದು ಎಂಬ ಪಾಠವನ್ನು ಮುಂದಿನ ಮೂವತ್ತು ವರ್ಷಗಳು ಕಲಿಸಿದವು.

ಸಂರಕ್ಷಣಾಧಿಕಾರಿಯ ಸಂಚಾರ

ಗವರ್ನರ್ ಲಾರ್ಡ್ ಹ್ಯಾರಿಸ್ ಅವರ ಕಾಲದಲ್ಲಿ, 1856ರ ಡಿಸೆಂಬರ್ 19ರಂದು, ಕ್ಲೆಗ್‌ಹಾರ್ನ್ ಅವರು ಮದ್ರಾಸ್ ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಕಗೊಂಡರು. ಆಗ ಅವರಿಗೆ ಮೂವತ್ತಾರು ವರ್ಷ.

ಆ ಪ್ರಾಂತದ ವಿಸ್ತಾರವನ್ನು ಗಡಿನಾಡಿನ ಓದುಗರು ವಿಶೇಷವಾಗಿ ಗಮನಿಸಬೇಕು. ಕಾಸರಗೋಡನ್ನೊಳಗೊಂಡ ಕೆನರಾ, ವಯನಾಡನ್ನೊಳಗೊಂಡ ಮಲಬಾರ್, ನೀಲಗಿರಿ, ತಾಳವಾಡಿಯ ಬೆಟ್ಟಗಳಿರುವ ಕೊಯಮತ್ತೂರು, ಹೊಸೂರಿರುವ ಸೇಲಂ, ಆದವಾನಿ ಮತ್ತು ರಾಯದುರ್ಗಗಳಿದ್ದ ಬಳ್ಳಾರಿ ಜಿಲ್ಲೆ ಇವೆಲ್ಲವೂ ಒಂದೇ ಮದ್ರಾಸ್ ಸರ್ಕಾರದ ಕೈಕೆಳಗಿದ್ದವು. ಇಂದು ಮೂರು ನಾಲ್ಕು ರಾಜ್ಯಗಳಲ್ಲಿ ಹಂಚಿಹೋಗಿರುವ ಕನ್ನಡದ ಅಂಚಿನ ನಾಡುಗಳ ಕಾಡುಗಳಿಗೆ ಆಗ ಒಬ್ಬರೇ ಸಂರಕ್ಷಣಾಧಿಕಾರಿ.

ಅವರು ಮದ್ರಾಸಿನ ಕಚೇರಿಯಲ್ಲಿ ಕುಳಿತು ಆಜ್ಞೆ ಹೊರಡಿಸುವವರಾಗಿರಲಿಲ್ಲ. ಕುದುರೆಯ ಮೇಲೆ, ಎತ್ತಿನ ಗಾಡಿಯಲ್ಲಿ, ಹಲವೆಡೆ ಕಾಲ್ನಡಿಗೆಯಲ್ಲಿ ಉತ್ತರ ಕೆನರಾದ ಕಾಡುಗಳಿಂದ ಆನೆಮಲೆಯವರೆಗೆ ಸುತ್ತಿದರು. ನಿಲಂಬೂರಿನಲ್ಲಿ ಕಲೆಕ್ಟರ್ ಕನೊಲಿ ಅವರು 1840ರ ದಶಕದಲ್ಲಿ ಆರಂಭಿಸಿದ್ದ ತೇಗದ ನೆಡುತೋಪನ್ನು ಕಂಡು, ಕಡಿದ ಕಾಡನ್ನು ಮತ್ತೆ ಬೆಳೆಸಲು ಸಾಧ್ಯವೆಂಬುದಕ್ಕೆ ಅದನ್ನು ಸಾಕ್ಷಿಯಾಗಿ ಹಿಡಿದರು. ಜೊತೆಗೆ ಬೆಡೋಮ್ ಎಂಬ ಸಹಾಯಕರನ್ನು ಆರಿಸಿಕೊಂಡರು. ಕ್ಲೆಗ್‌ಹಾರ್ನ್ ಅವರ ನಂತರ ಮದ್ರಾಸಿನ ಕಾಡುಗಳನ್ನು ದೀರ್ಘಕಾಲ ನೋಡಿಕೊಂಡವರು ಅವರೇ.

ಕಾಡಿಗೆ ಬಂದ ಹೊಸ ಹಸಿವು ರೈಲಿನದಾಗಿತ್ತು. 1856ರಲ್ಲಿ ಮದ್ರಾಸಿನಿಂದ ದಕ್ಷಿಣದ ಮೊದಲ ರೈಲು ಓಡಿತು. ಹಳಿಗಳ ಅಡಿಗೆ ಹಾಸುವ ಸ್ಲೀಪರುಗಳಿಗೆ ಗಟ್ಟಿ ಮರವೇ ಬೇಕು. ಪ್ರಾಂತದಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಸ್ಲೀಪರುಗಳು, ಅಂದರೆ ಸುಮಾರು 35,000 ಮರಗಳು ಬೇಕಾಗುತ್ತವೆಂದು ಕ್ಲೆಗ್‌ಹಾರ್ನ್ ಅವರು ಲೆಕ್ಕ ಹಾಕಿದರು. ರೈಲಿನ ಗುತ್ತಿಗೆದಾರರ ಹಿಂದೆಯೇ ಕಾಫಿ ತೋಟಗಾರರು ವಯನಾಡು ಮತ್ತು ನೀಲಗಿರಿಯ ಇಳಿಜಾರುಗಳಿಗೆ ಕೊಡಲಿ ಹಿಡಿದು ಬಂದಿದ್ದರು.

ಹೊಸ ಇಲಾಖೆಯ ನಿಯಮಗಳ ಮೂಲತತ್ತ್ವ ಸರಳವಾಗಿತ್ತು. ತೇಗ, ಬೀಟೆ, ಶ್ರೀಗಂಧ, ಹಡಗಿನ ಕೂವೆಗೆ ಬಳಸುವ ಸುರಹೊನ್ನೆ ಜಾತಿಯ ಮರ ಮುಂತಾದ ಬೆಲೆಯುಳ್ಳ ಜಾತಿಗಳು ಮೀಸಲು. ಸರ್ಕಾರದ ಕಾಡಿನಿಂದ ಅವನ್ನು ಕಡಿಯಬೇಕಾದರೆ ಮುಂಚಿತವಾಗಿ ಅಪ್ಪಣೆ ಪಡೆಯಬೇಕು, ಎಳೆಯ ಮರಗಳನ್ನು ಮುಟ್ಟಬಾರದು, ಕಡಿದುದಕ್ಕೆ ಲೆಕ್ಕ ಒಪ್ಪಿಸಬೇಕು. ಮರವನ್ನು ಯಾರೂ ಎಂದೂ ಕಡಿಯಬಾರದೆಂದು ಕ್ಲೆಗ್‌ಹಾರ್ನ್ ಅವರು ಹೇಳಿದವರಲ್ಲ. ಕಡಿಯುವ ಮುನ್ನ ಕೇಳಬೇಕು, ಕಡಿದವನು ಉತ್ತರ ಕೊಡಬೇಕು ಎಂಬುದಷ್ಟೇ ಅವರ ಹಟ. ಮರವನ್ನು ಕುರಿತ ಹೊಣೆಗಾರಿಕೆ ಎಂಬ ಕಲ್ಪನೆ ಹೀಗೆ ಆಡಳಿತದ ನಿತ್ಯವ್ಯವಹಾರದೊಳಗೆ ಬಂದಿತು.

ಬೇಕಲದ ಕುಮರಿ ಮತ್ತು ಒಂದು ನಿಷೇಧ

ಅವರ ಬಾಳಿನ ಅತ್ಯಂತ ವಿವಾದಿತ ಅಧ್ಯಾಯ ಕಾಸರಗೋಡಿನ ನೆಲವನ್ನೂ ಮುಟ್ಟುತ್ತದೆ. ಅಂದಿನ ಕೆನರಾ ಜಿಲ್ಲೆಯ ತೆಂಕಣ ತುದಿಯಲ್ಲಿ ಬೇಕಲ ತಾಲೂಕು ಇತ್ತು. ಇಂದಿನ ಕಾಸರಗೋಡಿನ ಸೀಮೆ ಅದರೊಳಗಿತ್ತು. ಅಲ್ಲಿನ ಗುಡ್ಡಗಳಲ್ಲಿ ಕುಮರಿ ಬೇಸಾಯ ವ್ಯಾಪಕವಾಗಿ ನಡೆಯುತ್ತಿತ್ತು. ಮಳೆಗಾಲ ಮುಗಿದ ಮೇಲೆ ಗುಡ್ಡದ ಕಾಡನ್ನು ಕಡಿದು ಒಣಗಲು ಬಿಡುವರು. ಬೇಸಗೆಯಲ್ಲಿ ಬೆಂಕಿ ಹಚ್ಚುವರು. ಮೊದಲ ಮಳೆ ಬಿದ್ದೊಡನೆ ಬೂದಿಯಲ್ಲಿ ರಾಗಿ, ಭತ್ತ ಮೊದಲಾದ ಬೀಜಗಳನ್ನು ಬಿತ್ತುವರು. ಒಂದೆರಡು ಬೆಳೆ ತೆಗೆದ ಮೇಲೆ ಆ ಜಾಗವನ್ನು ಹಲವು ವರ್ಷ ಪಾಳು ಬಿಟ್ಟು ಬೇರೆ ಗುಡ್ಡಕ್ಕೆ ಹೋಗುವರು. ನೇಗಿಲಿಲ್ಲದ, ಎತ್ತಿಲ್ಲದ, ಗದ್ದೆಯಿಲ್ಲದ ಬಡವರಿಗೆ ಇದೇ ಅನ್ನದ ದಾರಿ. ಬೇಕಲದಲ್ಲಿ ಹಲವೆಡೆ ಕುಮರಿಯ ನೆಲವನ್ನು ವರ್ಗದ ಜಮೀನಿಗೆ ಸೇರಿದ್ದೆಂದು ಲೆಕ್ಕ ಹಾಕುವ ರೂಢಿಯೂ ಇತ್ತು. ಅದು ಬರಿಯ ಅಲೆಮಾರಿ ಬೇಸಾಯವಾಗಿರದೆ ಹಕ್ಕಿನ ಪ್ರಶ್ನೆಯೂ ಆಗಿತ್ತು.

ಕ್ಲೆಗ್‌ಹಾರ್ನ್ ಅವರ ಕಣ್ಣಿಗೆ ಕುಮರಿಯು ಬೆಲೆಬಾಳುವ ಕಾಡಿನ ಶತ್ರುವಾಗಿ ಕಂಡಿತು. ಒಂದೆರಡು ವರ್ಷದ ಕೊಯ್ಲಿಗಾಗಿ ನೂರು ವರ್ಷದ ಮರ ಬೂದಿಯಾಗುವುದನ್ನು ಅವರು ಸಹಿಸಲಾರದಾದರು. ಅವರ ವರದಿಗಳ ಒತ್ತಾಯದಿಂದ 1860ರಲ್ಲಿ ಮದ್ರಾಸ್ ಸರ್ಕಾರವು ತನ್ನ ಕಾಡುಗಳಲ್ಲಿ ಅಪ್ಪಣೆಯಿಲ್ಲದೆ ಕುಮರಿ ಮಾಡುವುದನ್ನು ನಿಷೇಧಿಸಿತು. ಎರಡು ವರ್ಷಗಳ ಬಳಿಕ ಉತ್ತರ ಕೆನರಾ ಬೊಂಬಾಯಿ ಪ್ರಾಂತಕ್ಕೆ ಸೇರಿತು. ದಕ್ಷಿಣ ಕೆನರಾ ಮದ್ರಾಸಿನಲ್ಲಿಯೇ ಉಳಿಯಿತು.

ಈ ನಿಷೇಧವನ್ನು ಎರಡು ಬದಿಗಳಿಂದಲೂ ತೂಗಿ ನೋಡಬೇಕು. ಕಾಡನ್ನು ಉಳಿಸುವ ಉದ್ದೇಶ ಸಾಧುವಾದದ್ದು. ಕುಮರಿಯ ಸುತ್ತು ಚಿಕ್ಕದಾಗಿ, ಕಾಡು ಮತ್ತೆ ಬೆಳೆಯಲು ಕಾಲವೇ ಸಿಗದಂತಾದ ಕಡೆಗಳಲ್ಲಿ ಗುಡ್ಡಗಳು ಬೋಳಾಗುತ್ತಿದ್ದುದೂ ನಿಜ. ಆದರೆ ಅದೇ ವರ್ಷಗಳಲ್ಲಿ ರೈಲಿಗಾಗಿ ಸಾವಿರಾರು ಮರಗಳು ಅಪ್ಪಣೆಯ ಚೀಟಿಯೊಡನೆಯೇ ಉರುಳಿದವು. ಕಾಫಿಗಾಗಿ ಇಳಿಜಾರಿನ ಕಾಡುಗಳು ಒಟ್ಟಾರೆ ಹೋದವು. ಚೀಟಿ ಪಡೆಯಬಲ್ಲವನು ಗುತ್ತಿಗೆದಾರ, ಪಡೆಯಲಾರದವನು ಗುಡ್ಡದ ನಿವಾಸಿ. ಹಾಗಾಗಿ ತಪ್ಪಿತಸ್ಥನೆಂಬ ಹೆಸರು ಬಹುಮಟ್ಟಿಗೆ ಬಡವನ ಪಾಲಿಗೆ ಬಂದಿತು. ಕ್ಲೆಗ್‌ಹಾರ್ನ್ ಅವರು ಗುತ್ತಿಗೆದಾರರ ಮತ್ತು ತೋಟಗಾರರ ಅತಿಯನ್ನೂ ತಮ್ಮ ವರದಿಗಳಲ್ಲಿ ಎತ್ತಿ ತೋರಿಸಿದ್ದರು. ಆದರೆ ಸಾಮ್ರಾಜ್ಯದ ಅಗತ್ಯಕ್ಕೆ ಬೇಕಾದ ಮರವನ್ನು ಒದಗಿಸುವುದೂ ಅವರದೇ ಕರ್ತವ್ಯವಾಗಿತ್ತು. ಕಾಯುವವನೂ ಮಾರುವವನೂ ಒಬ್ಬನೇ ಆದ ಈ ಇಕ್ಕಟ್ಟು ಅರಣ್ಯ ಇಲಾಖೆಗೆ ಹುಟ್ಟಿನಿಂದಲೇ ಅಂಟಿಕೊಂಡಿತು.

ನೀಲಗಿರಿಯಲ್ಲಿಯೂ ಅವರ ಕೆಲಸಕ್ಕೆ ಎರಡು ಮುಖಗಳಿದ್ದವು. ಉದಕಮಂಡಲ ಮತ್ತು ಕೂನೂರುಗಳಲ್ಲಿ ಜನವಸತಿ ಬೆಳೆದಂತೆ ಸೌದೆಗಾಗಿ ಶೋಲಾ ಕಾಡುಗಳು ಕರಗುತ್ತಿದ್ದವು. ಅವುಗಳನ್ನು ಕಾಯಬೇಕೆಂದು ಅವರು ಒತ್ತಾಯಿಸಿದರು. ಸೌದೆಯ ಕೊರತೆ ನೀಗಲು ಆಸ್ಟ್ರೇಲಿಯಾದ ನೀಲಗಿರಿ ಮರ ಹಾಗೂ ಅಕೇಶಿಯ ಜಾತಿಗಳನ್ನು ನೆಡುವುದನ್ನು ಪ್ರೋತ್ಸಾಹಿಸಿದರು. ಬೇಗ ಬೆಳೆಯುವ ಆ ಪರದೇಶಿ ಮರಗಳು ಮುಂದೆ ಬೆಟ್ಟದ ಹುಲ್ಲುಗಾವಲುಗಳನ್ನೇ ಆವರಿಸುವವೆಂಬುದು ಆ ಕಾಲದವರಿಗೆ ತಿಳಿದಿರಲಿಲ್ಲ.

ಗ್ರಂಥ, ಹಿಮಾಲಯ, ಮರಳುಗಾಡಿಗೆ ಮರಳದ ನದಿಗಳು

1861ರಲ್ಲಿ ಅವರ ವರದಿಗಳು ದಕ್ಷಿಣ ಭಾರತದ ಕಾಡುಗಳು ಮತ್ತು ಉದ್ಯಾನಗಳನ್ನು ಕುರಿತ ಗ್ರಂಥವಾಗಿ ಲಂಡನ್ನಿನಲ್ಲಿ ಪ್ರಕಟವಾದವು. ಕೆನರಾ, ವಯನಾಡು, ನೀಲಗಿರಿ, ಆನೆಮಲೆಗಳ ಕಾಡು ಆ ದಶಕದಲ್ಲಿ ಹೇಗಿತ್ತೆಂಬುದನ್ನು ತಿಳಿಯಲು ಅದು ಇಂದಿಗೂ ಮುಖ್ಯ ಆಧಾರ. ಅದೇ ವರ್ಷ ಅವರ ವಿವಾಹವೂ ನೆರವೇರಿತು.

ಆ ಬಳಿಕ ಸರ್ಕಾರ ಅವರನ್ನು ಪಂಜಾಬ್ ಮತ್ತು ಪಶ್ಚಿಮ ಹಿಮಾಲಯಕ್ಕೆ ಕಳುಹಿಸಿತು. ಅಲ್ಲಿ ದೇವದಾರು ಮರಗಳನ್ನು ಕಡಿದು ನದಿಗಳಲ್ಲಿ ತೇಲಿಸಿ ಬಯಲಿಗೆ ಸಾಗಿಸುತ್ತಿದ್ದರು. ಸಟ್ಲೆಜ್, ಬಿಯಾಸ್, ರಾವಿ, ಚಿನಾಬ್ ಕಣಿವೆಗಳ ಕಾಡುಗಳನ್ನು ಪರಿಶೀಲಿಸಿ 1864ರಲ್ಲಿ ವರದಿ ಪ್ರಕಟಿಸಿದರು. ಅದೇ ವರ್ಷ ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಅವರು ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದರು. ಕ್ಲೆಗ್‌ಹಾರ್ನ್ ಅವರು ಅವರೊಡನೆ ದುಡಿದರು. ಬ್ರಾಂಡಿಸ್ ಅವರು ರಜೆಯಲ್ಲಿದ್ದಾಗ ಆ ಹುದ್ದೆಯನ್ನು ತಾವೇ ನಿರ್ವಹಿಸಿದರು.

1860ರ ದಶಕದ ಕೊನೆಗೆ ಅವರು ಭಾರತವನ್ನು ಬಿಟ್ಟು ಸ್ಟ್ರಾವಿಥಿಗೆ ಹಿಂದಿರುಗಿದರು. ಆದರೆ ಕಾಡಿನ ಕೆಲಸ ಬಿಡಲಿಲ್ಲ. ಭಾರತದ ಅರಣ್ಯ ಸೇವೆಗೆ ಹೋಗಬಯಸುವ ತರುಣರ ಆಯ್ಕೆಗೆ ನೆರವಾದರು. 1872ರಿಂದ 1874ರವರೆಗೆ ಸ್ಕಾಟ್ಲೆಂಡಿನ ವೃಕ್ಷಕೃಷಿ ಸಂಘದ ಅಧ್ಯಕ್ಷರಾಗಿದ್ದರು. 1884ರಲ್ಲಿ ಎಡಿನ್‌ಬರೋದಲ್ಲಿ ನಡೆದ ಅಂತರರಾಷ್ಟ್ರೀಯ ಅರಣ್ಯ ಪ್ರದರ್ಶನಕ್ಕಾಗಿ ಶ್ರಮಿಸಿದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರದ ಬೋಧನೆ ಆರಂಭವಾಗುವಲ್ಲಿ ಅವರ ಪಾತ್ರ ಹಿರಿದು. 1895ರ ಮೇ 16ರಂದು ಸ್ಟ್ರಾವಿಥಿಯಲ್ಲಿಯೇ ಅವರು ನಿಧನರಾದರು. ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ಅವರು ಒಂದು ಸಸ್ಯಕುಲಕ್ಕೆ ಕ್ಲೆಗ್‌ಹಾರ್ನಿಯ ಎಂದು ಹೆಸರಿಟ್ಟು ಅವರನ್ನು ಸ್ಮರಣೀಯರನ್ನಾಗಿಸಿದ್ದರು.

ನಿಯಮಕ್ಕೆ ಶಾಸನದ ಬಲ

ಕ್ಲೆಗ್‌ಹಾರ್ನ್ ಅವರ ನಿಯಮಗಳು ಸರ್ಕಾರದ ಆಜ್ಞೆಗಳಾಗಿದ್ದವೇ ಹೊರತು ಶಾಸನಗಳಾಗಿರಲಿಲ್ಲ. ಆ ಬಲ ಬಂದದ್ದು ಅವರು ಭಾರತವನ್ನು ಬಿಡುವ ಹೊತ್ತಿಗೆ ಮತ್ತು ನಂತರ. 1865ರಲ್ಲಿ ಭಾರತದ ಮೊದಲ ಅರಣ್ಯ ಕಾಯಿದೆ ಹೊರಬಂದಿತು. 1878ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು ಕಾಯಿದೆ ಬಂದಿತು. ಮದ್ರಾಸ್ ಸರ್ಕಾರ ಮಾತ್ರ ಅವೆರಡನ್ನೂ ತನ್ನ ಪ್ರಾಂತಕ್ಕೆ ಅನ್ವಯಿಸಲಿಲ್ಲ. ಕಾಡಿನ ಹುಲ್ಲು, ಸೊಪ್ಪು, ಸೌದೆಗಳ ಮೇಲೆ ಹಳ್ಳಿಗರಿಗೆ ತಲೆತಲಾಂತರದ ಹಕ್ಕಿದೆ, ಅದನ್ನು ಒಂದೇ ಏಟಿಗೆ ಅಳಿಸಲಾಗದೆಂದು ಅಲ್ಲಿನ ಕಂದಾಯ ಅಧಿಕಾರಿಗಳು ವಾದಿಸಿದರು. ಬ್ರಾಂಡಿಸ್ ಅವರೇ ಮದ್ರಾಸಿಗೆ ಬಂದು ಮಾತುಕತೆ ನಡೆಸಿದ ಮೇಲೆ 1882ರಲ್ಲಿ ಮದ್ರಾಸ್ ಅರಣ್ಯ ಕಾಯಿದೆ ರೂಪುಗೊಂಡಿತು. ಕಾಡನ್ನು ಮೀಸಲೆಂದು ಸಾರುವ ಮೊದಲು ಅಧಿಕಾರಿಯು ಪ್ರಕಟಣೆ ಹೊರಡಿಸಿ, ಹಕ್ಕು ಕೇಳಿ ಬಂದವರ ಅಹವಾಲನ್ನು ವಿಚಾರಿಸಬೇಕೆಂಬ ಕ್ರಮ ಅದರಲ್ಲಿತ್ತು. ಆದರೆ ಪ್ರಕಟಣೆಯನ್ನು ಓದಲಾರದ, ಅರ್ಜಿ ಬರೆಯಲಾರದ ಗುಡ್ಡದ ಜನರಿಗೆ ಆ ಬಾಗಿಲು ತೆರೆದೂ ಮುಚ್ಚಿದಂತೆಯೇ ಇತ್ತು.

ಉಲ್ಲಂಘನೆಗೆ ಶಿಕ್ಷೆ ಏನು? 1927ರ ಭಾರತೀಯ ಅರಣ್ಯ ಕಾಯಿದೆ ತನ್ನ ಮೂಲರೂಪದಲ್ಲಿ ಮೀಸಲು ಅರಣ್ಯದಲ್ಲಿ ಮರ ಕಡಿದವನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 500 ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. ಅದರ ಮೇಲೆ ಕಾಡಿಗಾದ ನಷ್ಟವನ್ನೂ ತುಂಬಿಕೊಡಬೇಕಾಗುತ್ತದೆ. ಕಡಿಯಲು ಬಳಸಿದ ಹತ್ಯಾರು, ಸಾಗಿಸಿದ ಗಾಡಿ, ದೋಣಿ, ದನಗಳನ್ನೂ ಮುಟ್ಟುಗೋಲು ಹಾಕಿಕೊಳ್ಳಬಹುದು. ಇನ್ನೊಂದು ಕಲಂ ಇನ್ನೂ ಗಂಭೀರವಾದದ್ದು: ಮರ ಯಾರದೆಂಬ ವಿವಾದ ಬಂದರೆ, ಬೇರೆಯವರದೆಂದು ರುಜುವಾತಾಗುವವರೆಗೂ ಅದು ಸರ್ಕಾರದ್ದೆಂದೇ ನ್ಯಾಯಾಲಯ ಭಾವಿಸಬೇಕು. ಎಂದರೆ, ತನ್ನದೆಂದು ತೋರಿಸುವ ಹೊಣೆ ಮರವನ್ನು ಹಿಡಿದುಕೊಂಡವನದು. ಕಾಗದಪತ್ರ ಉಳ್ಳವನಿಗೆ ಇದು ಕಷ್ಟವಲ್ಲ. ಬಾಯಿಮಾತಿನ ನಂಬಿಕೆಯಲ್ಲಿ ಬದುಕುವವನಿಗೆ ಬಲು ಕಷ್ಟ.

ಇಂದಿನ ನಮ್ಮ ಹೊಸ್ತಿಲಲ್ಲಿ

1956ರಲ್ಲಿ ರಾಜ್ಯಗಳ ಗಡಿ ಬದಲಾದಾಗ ಮರಗಳ ಕಾನೂನೂ ಒಡೆದು ಹೋಯಿತು. ಕಾಸರಗೋಡು ಮತ್ತು ವಯನಾಡಿನವರಿಗೆ ಕೇರಳದ 1961ರ ಅರಣ್ಯ ಕಾಯಿದೆ ಹಾಗೂ ಅರಣ್ಯವಲ್ಲದ ಭೂಮಿಯ ಮರಗಳನ್ನು ಕುರಿತ 2005ರ ಕಾಯಿದೆ. ನೀಲಗಿರಿಯವರಿಗೆ ಬೆಟ್ಟ ಪ್ರದೇಶದ ಮರಗಳ ರಕ್ಷಣೆಗಾಗಿ 1955ರಲ್ಲಿ ಬಂದ ತಮಿಳುನಾಡಿನ ಕಾಯಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನವರಿಗೆ ಮಹಾರಾಷ್ಟ್ರದ 1964ರ ಮರ ಕಡಿತ ನಿಯಂತ್ರಣ ಕಾಯಿದೆ. ಆದವಾನಿ, ಮಡಕಶಿರದವರಿಗೆ ನೀರು, ಭೂಮಿ ಮತ್ತು ಮರಗಳನ್ನು ಕುರಿತ ಆಂಧ್ರದ 2002ರ ಕಾಯಿದೆ. ಗೋವಾದವರಿಗೆ 1984ರ ಕಾಯಿದೆ. ಕರ್ನಾಟಕದಲ್ಲಿರುವ ಬಂಧುಗಳಿಗೆ 1976ರ ಕಾಯಿದೆ. ಗಡಿಯ ಈಚೆಗೆ ನ್ಯಾಯವಾದದ್ದು ಆಚೆಗೆ ಅಪರಾಧವಾಗಬಹುದು. ಶ್ರೀಗಂಧವನ್ನು ತನ್ನ ಹೊಲದಲ್ಲಿ ಬೆಳೆದವನೇ ಅದರ ಒಡೆಯನೆಂದು ಕರ್ನಾಟಕ ಒಪ್ಪಿಕೊಂಡದ್ದು 2001ರಲ್ಲಿ, ತಮಿಳುನಾಡು 2002ರಲ್ಲಿ. ಒಡೆತನ ದೊರೆತರೂ ಕಡಿಯಲು ಮತ್ತು ಸಾಗಿಸಲು ಅಪ್ಪಣೆ ಬೇಕೇ ಬೇಕು.

1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ದೇಶದ ಎಲ್ಲ ಕಾಡುಗಳಲ್ಲಿ, ಕೇಂದ್ರವು ಒಪ್ಪಿದ ಕಾರ್ಯಯೋಜನೆಯಿಲ್ಲದೆ ಮರ ಕಡಿಯುವುದನ್ನು ತಡೆಹಿಡಿಯಿತು. ಆ ಮೊಕದ್ದಮೆ ಹುಟ್ಟಿದ್ದು ನೀಲಗಿರಿಯ ಗೂಡಲೂರಿನ ಕಾಡುಗಳ ನಾಶವನ್ನು ಕಂಡು. ಅದೇ ಮೊಕದ್ದಮೆಯಲ್ಲಿ, ಮರದ ಗಿರಣಿಗಳ ವಿಷಯದಲ್ಲಿ ನ್ಯಾಯಾಲಯದ ಆಜ್ಞೆಯನ್ನು ಮೀರಿದ್ದಕ್ಕಾಗಿ 2006ರಲ್ಲಿ ಮಹಾರಾಷ್ಟ್ರದ ಅರಣ್ಯ ಖಾತೆಯನ್ನು ಹೊಂದಿದ್ದ ಸಚಿವರೊಬ್ಬರಿಗೂ ಹಿರಿಯ ಕಾರ್ಯದರ್ಶಿಯೊಬ್ಬರಿಗೂ ಒಂದು ತಿಂಗಳ ಸೆರೆವಾಸವನ್ನು ವಿಧಿಸಲಾಯಿತು. ಕುಮರಿಯ ಬಡವನಿಂದ ಆರಂಭವಾದ ಹೊಣೆಗಾರಿಕೆ ಕೊನೆಗೊಮ್ಮೆ ಅಧಿಕಾರದ ಪೀಠವನ್ನೂ ಮುಟ್ಟಿತು. ಅದೇ 2006ರಲ್ಲಿ ಸಂಸತ್ತು ಅರಣ್ಯವಾಸಿಗಳ ಹಕ್ಕುಗಳನ್ನು ಮನ್ನಿಸುವ ಕಾಯಿದೆಯನ್ನು ಅಂಗೀಕರಿಸಿ, ಹಿಂದೆ ಆದ ಅನ್ಯಾಯವನ್ನು ಸರಿಪಡಿಸುವ ಮಾತನ್ನಾಡಿತು. ತಾಳವಾಡಿಗೆ ನೆರೆಯಾದ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯದ ಅರಣ್ಯ ಹಕ್ಕು ದೊರೆಯಿತು.

ಆದರೂ ಅಪಾಯ ದೂರವಾಗಿಲ್ಲ. ವಯನಾಡಿನ ಮುಟ್ಟಿಲದಲ್ಲಿ 2020ರ ಒಂದು ಸರ್ಕಾರಿ ಆಜ್ಞೆಯ ನೆಪದಲ್ಲಿ ನೂರಕ್ಕೂ ಹೆಚ್ಚು ಬೀಟೆ ಮರಗಳು ಉರುಳಿದವು. ಎಲ್ಲವೂ ನಿಯಮದಂತೆಯೇ ನಡೆದಿದೆಯೆಂದು ನಂಬಿ ಮರವನ್ನು ಕೊಟ್ಟ ಆದಿವಾಸಿಗಳೂ ಸಣ್ಣ ರೈತರೂ ಮೊಕದ್ದಮೆಯ ಸುಳಿಗೆ ಸಿಲುಕಿದರು. ಕೊಳ್ಳುವವನು ಅಪ್ಪಣೆಯ ಮಾತನ್ನಾಡಿದರೆ ಸಾಲದು. ಮರದ ಒಡೆಯನು ತನ್ನ ಹೆಸರಿನ ಲಿಖಿತ ಅಪ್ಪಣೆಯನ್ನು ತಾನೇ ಓದಿ ನೋಡಬೇಕು. ಅದು ಮಲಯಾಳದಲ್ಲಿಯೋ ತಮಿಳಿನಲ್ಲಿಯೋ ತೆಲುಗಿನಲ್ಲಿಯೋ ಇದ್ದರೆ, ಬಲ್ಲವರಿಂದ ಅರ್ಥವನ್ನು ತಿಳಿದ ಮೇಲೆಯೇ ರುಜು ಹಾಕಬೇಕು.

ಕ್ಲೆಗ್‌ಹಾರ್ನ್ ಅವರು ಬಿಟ್ಟುಹೋದ ಬಳುವಳಿ ಇಬ್ಬಗೆಯದು. ಕಡಿಯುವ ಮುನ್ನ ಕೇಳು, ಕಡಿದರೆ ಉತ್ತರ ಕೊಡು ಎಂಬ ತತ್ತ್ವ ಇಂದಿಗೂ ನಮ್ಮ ಒರತೆಗಳನ್ನು ಕಾಯುತ್ತಿದೆ. ಆ ತತ್ತ್ವವು ಎಲ್ಲರಿಗೂ ಸಮಾನವಾಗಿ ಅನ್ವಯವಾಗಬೇಕೆಂಬ ನ್ಯಾಯವನ್ನು ಮಾತ್ರ ಅವರು ಪೂರ್ಣಗೊಳಿಸಲಿಲ್ಲ. ಶಿವಮೊಗ್ಗೆಯಲ್ಲಿ ದಿನಕ್ಕೊಂದು ಗಿಡವನ್ನು ಕಾಲು ಗಂಟೆ ನೋಡುತ್ತಿದ್ದ ಆ ತರುಣ ವೈದ್ಯರಿಂದ ನಮ್ಮ ಶಾಲೆಯ ಮಕ್ಕಳು ಕಲಿಯಬಹುದಾದ ಮೊದಲ ಪಾಠ ನೋಡುವುದು. ಶಾಲೆಯ ಅಂಗಳದ ಮರ ಯಾವುದು, ಅದಕ್ಕೆ ವಯಸ್ಸೆಷ್ಟು, ಅದನ್ನು ಕಾಯುವ ಕಾನೂನು ಯಾವುದು ಎಂದು ಒಂದು ತರಗತಿಯ ಮಕ್ಕಳು ಬರೆದಿಟ್ಟರೂ ಸಾಕು. ಮುಂದೆ ಯಾರಾದರೂ ಕೊಡಲಿ ಹಿಡಿದು ಬಂದ ದಿನ, ಅಪ್ಪಣೆ ಎಲ್ಲಿದೆ ಎಂದು ಕೇಳುವ ಧೈರ್ಯ ಆ ಮಕ್ಕಳಿಗೆ ಇರುತ್ತದೆ.